ಅಪಿಯೊ, ಅಡೊಂಗೊ

ಹೊಸ ಪಠ್ಯಕ್ರಮ ಒಮ್ಮೆಗೇ ಬರಲಿಲ್ಲ ನಮ್ಮ ದ್ವೀಪಕ್ಕೆ.
ಸರೋವರದ ದಂಡೆಯ ಗೋಡೆಗೆ ತೇವ ಏರುವ ಹಾಗೆ ಬಂತು
ಬುಡದಿಂದ, ವರ್ಷಕ್ಕೊಂದು ತರಗತಿ.
ಮೊದಲ ವರ್ಷ ಒಂದನೆಯದು ನೆನೆಯಿತು
ಮರುವರ್ಷ ಎರಡು.
ಮೇಲಿನವರು ಒಣ ಜಾಗದಲ್ಲಿ ಕೂತು
ಹಳೆಯದನ್ನೇ ಗಟ್ಟಿಯಾಗಿ ಓದುತ್ತಿದ್ದರು.

ಲುವೊ ಜನ ನಾವು. ಅವಳಿಗಳಿಗೆ ಹೆಸರು ಹುಡುಕುವ ಕಷ್ಟವಿಲ್ಲ.
ಮೊದಲು ಬಂದವಳು ಅಪಿಯೊ, ಅವಸರದವಳು.
ಹಿಂದೆ ಉಳಿದು ಬಂದವಳು ಅಡೊಂಗೊ.
ನಡುವೆ ಇದ್ದದ್ದು
ಒಂದು ಚೊಂಬು ನೀರು ಕಾಯುವಷ್ಟು ಹೊತ್ತು.

ಒಂದನೇ ತರಗತಿಯಲ್ಲಿ ಅಡೊಂಗೊಗೆ ಮಲೇರಿಯಾ,
ಬಿಟ್ಟು ಬಿಟ್ಟು ಮೂರು ಸಲ.
ಹಾಜರಿಯಲ್ಲಿ ಸೊನ್ನೆಗಳ ಸಾಲು, ಮಣಿಸರದ ಹಾಗೆ.
'ಇನ್ನೊಂದು ವರ್ಷ ಇಲ್ಲೇ ಇರಲಿ' ಎಂದು ಬರೆದವನು ನಾನು
ಒಳ್ಳೆಯ ಮನಸ್ಸಿನಿಂದಲೇ.
ನೈರೋಬಿಯವರು ಗೆರೆ ಎಳೆದದ್ದು ಸರಿಯಾಗಿ ಅಲ್ಲೇ.
ನನ್ನ ಪೆನ್ನಿನ ಒಂದು ಸಾಲು
ಒಂದೇ ಬಸಿರನ್ನು ಎರಡು ಕಾಲಕ್ಕೆ ಹಂಚಿತು.

ನನಗೆ ಐದು ದಿನದ ತರಬೇತಿ,
ಒಂದು ನೀಲಿ ಫೈಲು, ಮಧ್ಯಾಹ್ನಕ್ಕೆ ಸೋಡಾ.
ಅಂಕ ಕೊಡಬೇಡಿ ಎಂದರು. ಹೀಗೆ ಬರೆಯಿರಿ:
ನಿರೀಕ್ಷೆ ಮೀರಿದ್ದಾಳೆ
ನಿರೀಕ್ಷೆ ಮುಟ್ಟಿದ್ದಾಳೆ
ನಿರೀಕ್ಷೆಯ ಹತ್ತಿರ ಬರುತ್ತಿದ್ದಾಳೆ.
ನಾಲ್ಕನೆಯದೂ ಒಂದಿತ್ತು.
ಅದನ್ನು ಬರೆಯಲು ಈವರೆಗೆ ಕೈ ಬಂದಿಲ್ಲ.

ಅಡೊಂಗೊಗೆ ಮನೆಪಾಠ: ಬೆರ್ಚಪ್ಪ ಮಾಡಿ ತರುವುದು.
ಅವರಪ್ಪ ಒಯೂಗಿ, ಬಲೆ ಬೀಸಿ ಬಂದವನು,
ಕಣ್ಣಲ್ಲಿ ನಿದ್ದೆಯಿಟ್ಟುಕೊಂಡೇ ಬಾಗಿಲಿಗೆ ಬಂದ.
'ಮೇಷ್ಟ್ರೇ, ಇದ್ದದ್ದು ಎರಡು ಅಂಗಿ.
ಒಂದನ್ನು ನಿಮ್ಮ ಸರ್ಕಾರ ಬಿಚ್ಚಿಸಿಕೊಂಡಿತು.
ಹೊಲವಿಲ್ಲದ ನಮಗೆ ಬೆರ್ಚಪ್ಪ ಯಾಕೆ?'
ಅಂದವನೇ ಅದನ್ನು ಒಯ್ದು
ಒಮೆನಾ ಮೀನು ಒಣಹಾಕಿದ ಕಡೆ ನೆಟ್ಟ.
ಬೆಳ್ಳಕ್ಕಿಗಳು ಎರಡು ದಿನ ಹೆದರಿದವು.

ತೋಳು ಬೀಳದ ಹಾಗೆ ಬಲೆಯ ದಾರದಲ್ಲಿ ಬಿಗಿದವಳು ಅಪಿಯೊ.
ಅಡೊಂಗೊ ನಿರೀಕ್ಷೆ ಮೀರಿದಳು.
ಅಪಿಯೊಳ ಪ್ರಶ್ನೆಪತ್ರಿಕೆಯಲ್ಲಿ
ಗಂಟಿನ ಬಗ್ಗೆ ಪ್ರಶ್ನೆಯೇ ಇರಲಿಲ್ಲ.

ಅಕ್ಕನ ಪುಸ್ತಕ ತಂಗಿಗೆ ಎನ್ನುವುದು
ಆ ಮನೆಯಲ್ಲಿ ನಿಂತುಹೋಯಿತು.
ಸಂತೆಯಲ್ಲಿ ನ್ಯಾಸುನಾ ಅಜ್ಜಿ ಅವನ್ನು ತೂಕಕ್ಕೆ ಕೊಂಡಳು.
ಭಿನ್ನರಾಶಿಯೊಳಗೆ ಹುರಿದ ಕಡಲೆಕಾಯಿ.
ಒಮ್ಮೆ ಅಡೊಂಗೊ ತಿಂದು ಮುಗಿಸಿ
ಎಣ್ಣೆಗಾಗಿದ್ದ ಪೊಟ್ಟಣ ಬಿಡಿಸಿ ಓದುತ್ತಿದ್ದಳು,
ಅಂಚಿನಲ್ಲಿ ಅಕ್ಕನ ಅಕ್ಷರ:
'ನೆನಪಿಡು, ಇದು ಪಕ್ಕಾ ಬರುತ್ತದೆ.'

ಕೊನೆಯ ಹಳೇ ತರಗತಿಯಲ್ಲಿ ಹನ್ನೊಂದು ಮಕ್ಕಳು.
ಅವರ ಹಿಂದೆ ಅದೇ ದಾರಿಯಲ್ಲಿ ಯಾರೂ ಇರಲಿಲ್ಲ.
ಪರೀಕ್ಷೆ ಮುಗಿದ ಸಂಜೆ
ಗೋಡೆಯ ವೇಳಾಪಟ್ಟಿ ಕಿತ್ತೆ.
ಅದರಡಿ ಸುಣ್ಣ ಇನ್ನೂ ಬೆಳ್ಳಗಿತ್ತು.

ಅಪಿಯೊ ತಗಡಿನ ಪೆಟ್ಟಿಗೆಯೊಡನೆ ದೋಣಿ ಹತ್ತಿ
ಆಚೆ ದಡದ ಹಾಸ್ಟೆಲಿಗೆ ಹೋದಳು.
ಅಡೊಂಗೊ ಉಳಿದಳು,
ಮೇಲಿನ ತರಗತಿಯೂ ಇದೇ ಸೂರಿನಡಿ ಎಂದು ಆದೇಶವಿತ್ತು.
ಪ್ರಯೋಗಶಾಲೆ ಬರುತ್ತದಂತೆ.
ಅಲ್ಲಿಯವರೆಗೆ ವಿಜ್ಞಾನ ನಾನೇ.
ನಾನು ಕಲಿತು ಬಂದದ್ದು ಕಿಸ್ವಾಹಿಲಿ.

ಏಪ್ರಿಲ್ ರಜೆಯಲ್ಲಿ ಅಪಿಯೊ ಬಂದಳು,
ನಾನು ಹೆಚ್ಚುವರಿ ಪಾಠ ಇಟ್ಟುಕೊಂಡಿದ್ದ ದಿನ.
ಕಿಟಕಿಯಲ್ಲಿ ನಿಂತಿದ್ದವಳನ್ನು ಕರೆದೆ.
ನನ್ನ ಯಾವ ಹಾಜರಿಯಲ್ಲೂ ಅವಳ ಹೆಸರಿಲ್ಲ ಈಗ.
ಮೇಜಿನ ಮೇಲೆ ಆರು ನಿಂಬೆಹಣ್ಣು, ಮೊಳೆ, ತಾಮ್ರದ ತಂತಿ,
ಟಾರ್ಚಿನಿಂದ ಬಿಚ್ಚಿದ ಒಂದು ಪುಟ್ಟ ದೀಪ.
ಪುಸ್ತಕದಲ್ಲಿ ಉರಿಯುವುದು. ನನ್ನ ಕೈಯಲ್ಲಿ ಉರಿಯಲೊಲ್ಲದು.
'ಗಂಟು ಸಡಿಲ' ಎಂದಳು ಅಪಿಯೊ,
ಕೇಳದೆಯೇ ತಂತಿ ಬಿಗಿದಳು.

ಉರಿಯಿತು ಎಂದು ಪ್ರಮಾಣ ಮಾಡಿ ಹೇಳಲಾರೆ,
ಹೊರಗೆ ಬಿಸಿಲು ಅಷ್ಟಿತ್ತು.
ಇಬ್ಬರೂ ಒಟ್ಟಿಗೇ ಬಗ್ಗಿದರು,
ನೆರಳಿಗೆಂದು ನಾಲ್ಕು ಅಂಗೈ ಅಡ್ಡ ಹಿಡಿದು.