ದಿನ ಬಿಟ್ಟು ದಿನ

ಮೊದಲು ಹಳದಿಯಾದದ್ದು ಹಾಲು.
ನಾನು ನಂಬಲಿಲ್ಲ.
ದಸರೆ ಮುಂದಿತ್ತು, ವೇಮಗಲ್ ಕಡೆಯ ಹೊಲವೆಲ್ಲ ಚೆಂಡುಹೂವು,
ಜಗಲಿ ತುಂಬ ಗೋಣಿ, ಗೋಣಿ ತುಂಬ ಹೂವು,
ನನ್ನ ಉಗುರಿನ ಸಂದಿಗೂ ಅದೇ ಬಣ್ಣ.
ನೋಡೀ ನೋಡೀ ಕಣ್ಣಿಗೆ ಹತ್ತಿಕೊಂಡಿದೆ,
ಮುಖ ತೊಳಕೊಂಡು ಬನ್ನಿ, ಅಂದೆ.

ತೊಳಕೊಂಡು ಬಂದರು.
ಟವಲ್ಲು ಹಳದಿ ಅಂದರು.
ಸುಣ್ಣದ ಗೋಡೆ ಹಳದಿ, ಬಿಳಿ ಹುಂಜ ಹಳದಿ,
ಬೀದಿದೀಪದ ಸುತ್ತ ಯಾರೋ ತೊಡಿಸಿದ ಹಾಗೆ ಒಂದು ಬಳೆ.
ನಾಲ್ಕು ದಿನ ಮುದ್ದೆ ಮುರಿಯಲಿಲ್ಲ.
ಹುರುಳಿಕಟ್ಟಿನ ಸಾರಿಗೂ ಮುಖ ತಿರುಗಿಸಿದ ಮೇಲೆ
ಹೂವನ್ನು ಬೈಯುವುದು ಬಿಟ್ಟೆ.

ತಮಕದ ಆಸ್ಪತ್ರೆಯಲ್ಲಿ ಎಳೆ ವಯಸ್ಸಿನ ಡಾಕ್ಟರು, ನುಸ್ರತ್ ಅಂತ.
'ಹಳದಿ' ಅಂದ ಕೂಡಲೆ ಬರೆಯುತ್ತಿದ್ದ ಪೆನ್ನು ನಿಲ್ಲಿಸಿದರು.
ಯಾವ ಯಾವ ಮಾತ್ರೆ, ತೋರಿಸಮ್ಮ.
ಕವರು ಮೇಜಿನ ಮೇಲೆ ಸುರಿದೆ.
ಎದೆಯದ್ದು, ಸಣ್ಣ ಬಿಳಿಯದು, ಎರಡು ವರ್ಷದಿಂದ.
ಮೂರು ಬಡಿದು ಒಂದು ಎಡವುವ ಎದೆಗೆ
ಕೈಹಿಡಿದು ನಡೆಸುವ ಗುಳಿಗೆ.
ಬಿಪಿಯದ್ದು. ಉಚ್ಚೆ ಹೋಗಲಿಕ್ಕೆ ಒಂದು.
ಆಮೇಲೆ ಗುಲಾಬಿ ಬಣ್ಣದ್ದು, ಮಂಡಿನೋವಿಗೆ.

ಇದನ್ನ ಯಾರು ಬರೆದದ್ದು?

ಯಾರೂ ಬರೆದದ್ದಲ್ಲ.
ಹೂವಿನ ದುಡ್ಡಲ್ಲಿ ನಾನೇ ತಂದದ್ದು, ರಾಮಾಂಜಿ ಮೆಡಿಕಲ್‌ನಲ್ಲಿ,
ಹತ್ತರ ಪಟ್ಟಿ, ಹೊತ್ತಿಗೆ ಒಂದರಂತೆ, ಮೂರು ತಿಂಗಳು.
ಕುಂಟುವುದು ನಿಂತಿತ್ತು. ನನಗೆ ಹೆಮ್ಮೆಯಿತ್ತು.

ರಕ್ತದ ಚೀಟಿ ಬಂತು. ಕ್ರಿಯಾಟಿನಿನ್ ಮೂರು ಚಿಲ್ಲರೆ.
ಡಾಕ್ಟರು ಚೀಟಿಯ ಹಿಂದೆ ಎರಡು ಹುರುಳಿಬೀಜ ಬರೆದು ಹೇಳಿದರು:
ಎದೆಯ ಗುಳಿಗೆ ತನ್ನ ಕೆಲಸ ಮುಗಿಸಿ
ಕಿಡ್ನಿಯ ದಾರಿ ಹಿಡಿದು ಹೊರಗೆ ಹೋಗಬೇಕು.
ಕಿಡ್ನಿ ಸೋತಿದೆ.
ನಿನ್ನೆಯದು ಹೋಗದೆ ಇವತ್ತಿನದು ಬಂದು ಕೂತಿದೆ.
ಎದೆ ಕಾಯುವ ಮದ್ದೇ ಎದೆಗೆ ವಿಷ.

ಇವರು ಹಾಸಿಗೆಯಲ್ಲೇ ತಲೆಯಾಡಿಸಿದರು.
ತೂಬು ಕಟ್ಟಿಕೊಂಡಿದೆ ಅನ್ನಿ, ಅಂದರು.

ಮೂವತ್ತೆಂಟು ವರ್ಷ ನಮ್ಮೂರ ಕೆರೆಯ ನೀರಗಂಟಿ ಇವರು.
ತೂಬಿನ ಗೂಟ ಎಷ್ಟು ಬೆರಳು ಎತ್ತಿದರೆ
ಯಾವ ಗದ್ದೆಯ ಮೂಲೆ ಎಷ್ಟು ಹೊತ್ತಿಗೆ ನೆನೆಯುತ್ತದೆ,
ಕತ್ತಲಲ್ಲಿ ಕಾಲುವೆಯ ಸದ್ದು ಕೇಳಿಯೇ ಹೇಳುವವರು.
ಈಗ ಪೈಪಿನಲ್ಲಿ ಪಟ್ಟಣದ ನೀರು ಬಂದು ಕೆರೆ ತುಂಬಿದೆ,
ತೂಬು ಎತ್ತಬಾರದೆಂದು ಬೋರ್ಡು ನಿಂತಿದೆ.
ಸಂಜೆ ಏರಿಯ ಮೇಲೆ ಹೋಗಿ ಸುಮ್ಮನೆ ನೋಡಿ ಬರುತ್ತಿದ್ದರು.
ಬರುವುದಷ್ಟೇ, ಹೋಗುವುದಿಲ್ಲ,
ಎಷ್ಟು ದಿನಾಂತ ಹಿಡಿದುಕೊಂಡಿರುತ್ತೆ, ಅನ್ನುತ್ತಿದ್ದರು.
ಕೆರೆಯ ಮಾತು ಅಂದುಕೊಂಡಿದ್ದೆ.

ಆರು ದಿನ ಗುಳಿಗೆ ನಿಲ್ಲಿಸಿದರು.
ಎದೆಗೆ ವೈರು, ತಲೆಯ ಹತ್ತಿರ ಹಸಿರು ಗೆರೆ ಓಡುವ ಪೆಟ್ಟಿಗೆ.
ರಾತ್ರಿಯೆಲ್ಲ ಆ ಗೆರೆ ನೋಡುತ್ತ ಕೂತೆ,
ಎಡವಿದಾಗೆಲ್ಲ ನನ್ನ ಕೈ ತಾನೇ ಮುಂದೆ ಹೋಗುತ್ತಿತ್ತು,
ಮಗು ಬೀಳುವಾಗ ಹೋಗುವಂತೆ.
ಹೇಳಿಬಿಡಬೇಕು ಅನ್ನಿಸಿತು, ಗುಲಾಬಿ ಮಾತ್ರೆ ನನ್ನದೇ ತಪ್ಪು ಅಂತ.
ಹೇಳಿದೆ.
ಕಣ್ಣು ತೆರೆಯದೆ,
ಮೂರು ತಿಂಗಳು ಚೆನ್ನಾಗಿ ನಡೆದಾಡಿದೆ ಕಣೇ, ಅಂದರು.
ಅಷ್ಟೇ. ಆ ಮಾತನ್ನು ಎಲ್ಲಿಡಬೇಕೋ ಇನ್ನೂ ಗೊತ್ತಾಗಿಲ್ಲ.

ಈಗ ಅರ್ಧ ಗುಳಿಗೆ, ದಿನ ಬಿಟ್ಟು ದಿನ.
ಅಡಕತ್ತರಿಯಲ್ಲಿ ಕತ್ತರಿಸುತ್ತೇನೆ.
ಒಂದೊಂದು ಸಲ ಅರ್ಧ ಅನ್ನುವುದು ಮುಕ್ಕಾಲೂ ಕಾಲೂ ಆಗುತ್ತದೆ,
ಉಳಿದ ಪುಡಿಯನ್ನು ಬೆರಳಲ್ಲಿ ಒತ್ತಿ ನೋಡುತ್ತೇನೆ,
ಇಷ್ಟೇ ಇಷ್ಟು, ಇರುವೆಯೂ ಮೂಸದಷ್ಟು.
ಪಕ್ಕದ ಮನೆಯ ಭವ್ಯಶ್ರೀ ಸ್ಕೂಲಿಗೆ ಹೋಗುವಾಗ
ಕ್ಯಾಲೆಂಡರಿನಲ್ಲಿ ಒಂದು ಮನೆ ಬಿಟ್ಟು ಒಂದು ಮನೆಗೆ ಗೀಟು ಹಾಕುತ್ತಾಳೆ.
ಮಂಡಿಗೆ ಬಿಸಿ ಮರಳಿನ ಗಂಟು.
ಮತ್ತೆ ಕುಂಟುತ್ತಾರೆ.

ದಿನಾ ಬೆಳಿಗ್ಗೆ ಬಿಳಿ ಟವಲ್ಲು ಎತ್ತಿ ಹಿಡಿಯುತ್ತೇನೆ.
ಬಣ್ಣ?
ಬೇಕೆಂದೇ ತಡಮಾಡುತ್ತಾರೆ.
ಕಣ್ಣು ಕಿರಿದು ಮಾಡಿ, ಅತ್ತ ಇತ್ತ ನೋಡಿ,
ಹಳದಿ, ಅನ್ನುತ್ತಾರೆ.

ಅದೇ ಟವಲ್ಲಲ್ಲಿ ಬಾರಿಸುತ್ತೇನೆ.
ಆಮೇಲೆ ಮಣಿಕಟ್ಟು ಹಿಡಿದು ಎಣಿಸಲು ಕೂರುತ್ತೇನೆ,
ಒಂದು, ಎರಡು, ಮೂರು,
ಇವರು ನಗುತ್ತಲೇ ಇರುತ್ತಾರೆ,
ಲೆಕ್ಕ ತಪ್ಪುತ್ತದೆ.