ಬ್ಯಾಗಿನ ಹಿಂದ

ತೊಗಲಬ್ಯಾಗಿನ ಪಟ್ಟಿಗೆ ಒಂಬತ್ತು ತೂತು.
ದೀಪಾವಳಿಗೆ ನಾಕನೇದಕ್ಕ ಇತ್ತು ಬಕ್ಕಲು,
ಎಳ್ಳಮಾಸಿ ಬರೂದ್ರಾಗ ಆರಕ್ಕ ಸರೀತು.
ಮಂದಿ ಚಿಲ್ಲರ ಎಣಸ್ತಾರ,
ತೂತು ಯಾರು ಎಣಸ್ತಾರ?

ಮುಂಜಾನಿ ಆರೂ ನಲವತ್ತರ ಗದಗ–ಹುಬ್ಬಳ್ಳಿ.
ಖಾಕಿ ಅಂಗಿ ಸಡ್ಲ ಬಿಟ್ಟು, ಬ್ಯಾಗ ಮುಂದಕ್ಕ ಜಗ್ಗಿ
ಮೊಣಕೈ, ಟಿಫಿನ್ ಡಬ್ಬಿ, ಹಾಲಿನ ಕ್ಯಾನಿನ ನಡುವ
ಅಡ್ಡ ತಿರುಗಿ ತೂರಿಕೊಂಡು ಹೋಗಾಕಿ ನಾನು.
ಈಗ ಅಡ್ಡ ತಿರುಗಿದ್ರೂ ಅಷ್ಟ, ನೆಟ್ಟಗ ನಿಂತ್ರೂ ಅಷ್ಟ,
ಸಂದಿ ಸಾಲವಲ್ದು.
ಬಚ್ಚಿಟ್ಟಿದ್ದಲ್ಲ ಮತ್ತ,
ಬ್ಯಾಗ ಇರೂ ಜಾಗಾನ ಅದು.

ಹೋದ ವರ್ಸದ್ದು ಕಾಣಲೇ ಇಲ್ಲ.
ಹತ್ತು ವಾರ.
ನಲವಡಿ ದಾಟಿದ ಮ್ಯಾಲ ನಡಾ ಹಿಡೀತು,
ಶಿರಗುಪ್ಪಿಯೊಳಗ ತಿಳೀತು.
ಹುಬ್ಬಳ್ಳ್ಯಾಗ ಇಳದು ಲೆಕ್ಕಾ ಒಪ್ಪಿಸಿದೆ,
ಒಂದ ರೂಪಾಯಿ ಹೆಚ್ಚುಕಡಿಮಿ ಇರಲಿಲ್ಲ.
ಅತ್ತಿ ಅಂದ್ಲು, ಯಾರಿಗೂ ಗೊತ್ತಿರಲಿಲ್ಲಲಾ, ಛಲೋ ಆತು ಬಿಡು.
ಆ ಛಲೋ ಅನ್ನೂದು
ಮೀನಿನ ಮುಳ್ಳಿನಂಗ ಇನ್ನೂ ಇಲ್ಲೆ ಐತಿ, ಗಂಟಲದಾಗ.

ಡ್ರೈವರ ನಬಿಸಾಬ
ಹದಿನೆಂಟು ವರ್ಸ ಇದೇ ರಸ್ತೆ ತಿಂದಾಂವ.
ಹಂಪ್ ಅಂದ್ರ ಅವಗ ಅಪಮಾನ, ಹಾರಿಸಿಕೊಂಡ ಹೋಗಾಂವ,
ಹಿಂದಿನ ಸೀಟಿನವರು ಟಾಪಿಗೆ ತಲಿ ಬಡಕೊಂಡು
ಅವರವ್ವನ್ನ ನೆನಸೋರು.
ತಿಂಗಳಾತು, ಹುಲಕೋಟಿ ಹಂಪಿಗೆ ಮುಂಚೇನ ಗೇರ್ ಇಳಸ್ತಾನ.
ಮುಂದಿನ ಗಾಲಿ ಏರಿಸಿ, ಇಳಿಸಿ,
ಒಂದೀಟ ತಡದು ಹಿಂದಿನ ಗಾಲಿ,
ತುಂಬಿದ ಕೊಡ ಹೊತ್ತಾಕಿ ಹೊಸ್ತಲಾ ದಾಟಿದಂಗ.
ಯಾಕ್ ಸಾಬ, ಗಾಡಿ ಮೆತ್ತಗಾತು? ಅಂತ ಕೇಳಿದವರಿಗೆ
ಪಾಟಾ ಸಡ್ಲ ಆಗ್ಯಾವ್ರೀ ಅಂತಾನ.
ನಾ ಕೇಳಿಲ್ಲ. ಅಂವ ಹೇಳಿಲ್ಲ.
ನಾಕು ಮಕ್ಕಳ ತಂದಿ.
ಹಿಂದಿಂದು ಕನ್ನಡ್ಯಾಗ ನೋಡೂದ ಅವನ ಕೆಲಸ.

ಇವತ್ತು ಭದ್ರಾಪುರದಾಗ ಹತ್ತಿದ ಮುದುಕಿ
ಹಸಿ ಕಡ್ಲಿಗಿಡದ ಹೊರಿ ಕಾಲಾಗ ಇಟಗೊಂಡು ಕುಂತ್ಲು.
ಆಧಾರ ಕಾರ್ಡ ತೋರಿಸಿದ್ಲು, ಸೊನ್ನಿ ಚೀಟಿ ಹರದೆ.
ಆರು ವರ್ಸದ ನೌಕರಿಯೊಳಗ ಇದೊಂದು ಮರತಿದ್ದೆ ನೋಡ್ರಿ,
ನಿಂತವರ ಹೊಟ್ಟಿಗೆ
ಕುಂತವರ ಕಣ್ಣು ನೇರಾ ಇರ್ತಾವ.
ಗಾಡಿ ಹೊಳ್ಳಿತು, ಬ್ಯಾಗ ಬಾಜೂಕ ಜಾರಿತು.

ಎಷ್ಟರಾಗ ಅದಿ, ತಂಗಿ?

ಕಾಲೇಜಿನ ಹುಡುಗ ಒಬ್ಬ ಕಿವ್ಯಾಗಿನ ವಾಯರ್ ತಗದ.
ಹಾಲಿನಾಂವ ಕಿಡಕಿ ಕಡೆ ಹೊಳ್ಳಿ ಕುಂತ.
ನನ್ನ ಕಡೆ ಉತ್ತರ ತಯಾರಿದ್ದುವು:
ಗ್ಯಾಸು. ಡಬಲ್ ಡ್ಯೂಟಿ. ಕುಂತುಂಡ ಬೊಜ್ಜು.
ಬಾಯಿ ಮಾತ್ರ ನನ್ನ ಕೇಳದ ಅಂತು,
ಐದರಾಗ ಬಿದ್ದೈತಿ, ಆಯಿ.

ಗಂಡನ ಮುಂದನೂ ಪಿಸುಮಾತಿನ್ಯಾಗ ಅಂದಿದ್ದೆ.
ನಲವತ್ತೆಂಟು ಮಂದಿ ಮುಂದ,
ಸ್ಟಾಪಿನ ಹೆಸರು ಕೂಗೂ ದನಿಯೊಳಗ,
ಇದ ಮೊದಲ.

ಮುದುಕಿ ಏನೂ ಅನಲಿಲ್ಲ. ಹೊರಿ ಬಿಚ್ಚಿ
ಒಂದು ಕುಡಿ ಚಿವುಟಿ ಕೊಟ್ಲು.
ಇಬ್ಬನಿ ಆರಿದ್ದಿಲ್ಲ. ಹುಳಿ, ಉಪ್ಪು,
ದವಡಿ ಜುಮ್ಮಂತು.
ಎರಡು ವಾರದಿಂದ ಕಿಡಕ್ಯಾಗಿಂದ ಆ ಹಸರು ನೋಡಿ ನೋಡಿ
ನೀರು ನುಂಗಾಕತ್ತಿದ್ದೆ, ಯಾರಿಗೆ ಹೇಳ್ಲಿ?

ಏಳೋ ಮಾರಾಯಾ, ಅದು ಆಕೀದ ಸೀಟು!
ಕಂಡಕ್ಟರ ಸೀಟಿನ್ಯಾಗ ನಿದ್ದಿ ಹೊಡಿಯೂ ಮೀಸಿಯವನ್ನ
ಯಾರೋ ತಿವದ್ರು.
ಬಸರಿ ಅದಾಳ, ಜಾಗಾ ಬಿಡ್ರಿ ಅಂತ
ಎಷ್ಟು ಮಂದಿಗೆ ಒದರೇನಿ ನಾನು.
ಕುಂತೆ. ನಾಚಿಕಿ ಬಂತು, ಮತ್ತ ಹೋತು.
ಕುಂತಾಗ ಅದು ತೊಡಿ ಮ್ಯಾಲ ಮುಂದಕ್ಕ ಬಂತು,
ಬ್ಯಾಗಿಗೆ ಜಾಗಾ ಇರಲಿಲ್ಲ.
ಬಕ್ಕಲು ಏಳಕ್ಕ ಹಾಕಿ ಬಾಜೂಕ ಸರಿಸಿದೆ.

ನಲವಡಿ ಬಂತು.
ಕಬ್ಬಿಣದ ಸಳಿ ಗಟ್ಟಿ ಹಿಡದೆ.
ಕನ್ನಡ್ಯಾಗ ನಬಿಸಾಬನ ಕಣ್ಣು ಒಮ್ಮೆ ಮ್ಯಾಲೆದ್ದು ಇಳದ್ವು.
ಎರಡೂ ಕಡೆ ಎರಿ ಹೊಲ, ಕಡ್ಲಿ, ಬಿಸಲು ಈಗಷ್ಟ ಏರಾಕತ್ತಿತ್ತು.
ಗಾಡಿ ಮೆತ್ತಗ ಆತು, ಮತ್ತೂ ಮೆತ್ತಗ.
ಎದ್ದು ನಿಂತು ಕೂಗಿದೆ,
ಶಿರಗುಪ್ಪಿ! ಶಿರಗುಪ್ಪಿ ಇಳಿಯೋರು ಅದೀರೇನ್ರೀ?

ಯಾರೂ ಇಳೀಲಿಲ್ಲ.

ರೈಟ್.