ಅಡ್ಡ ಹಾಯಿಸಿದ ಬೆಳಕು

ಮೊದಲನೇ ಪಟದಾಗ ಏನೂ ಕಾಣಲಿಲ್ಲ.
ಎದುರಿಂದ ನೋಡಿದರ ಮೊಣಕಾಲು
ಸುಳ್ಳು ಹೇಳೂದರಾಗ ಬಲು ಶಾಣ್ಯಾ.

ರಾತ್ರಿ ಒಂಬತ್ತೂವರಿ, ನವನಗರದ ದವಾಖಾನಿ.
ಸೈಕಲ್ ಹಾಸ್ಟೆಲಿನ ಹುಡುಗಿ, ರೇಣವ್ವ ಮುರನಾಳ,
ಹದಿಮೂರು ವರ್ಷ. ಗದ್ದನಕೇರಿ ಕ್ರಾಸಿನ ಹತ್ರ
ಕಬ್ಬಿನ ಟ್ರಾಲಿ ತಪ್ಪಿಸಲಿಕ್ಕೆ ಹೋಗಿ ಬಿದ್ದಾಕಿ.
ಅತ್ತಿರಲಿಲ್ಲ. ಗಾಲಿ ಡೊಂಕಾತೇನ್ರೀ ಅಂತ
ಎರಡು ಸಲ ಕೇಳಿದ್ದಳು, ಅಷ್ಟ.
ಉಳುಕೈತ್ರೀ, ಅಂದ ಕೋಚ್, ಶನಿವಾರ ಟ್ರಯಲ್ಸ್ ಐತಿ.

ನಾ ಡಾಕ್ಟರ್ ಅಲ್ಲ. ಹತ್ತೊಂಬತ್ತು ವರ್ಷ
ಇದೇ ಸೀಸದ ಏಪ್ರನ್ ಹೊತ್ತು ನಿಂತಾಕಿ.
ಬಿದ್ದು ಒಂದು ತಾಸಿನಾಗ ಮೊಣಕಾಲು
ಹಾಲು ಉಕ್ಕಿದಂಗ ಉಕ್ಕಿತ್ತು.
ಉಳುಕಿನ ಬಾವು ಮುಂಜಾನಿತನಕ ಕಾಯತೈತಿ.
ರಕ್ತ ಕಾಯಂಗಿಲ್ಲ.

ಮಿಸುಕಬ್ಯಾಡವಾ ಅಂದೆ.
ಅಂಗಾತ ಮಲಗಿದಂಗ ಬಿಟ್ಟು, ಕೊಳವಿ ಕೆಳಗಿಳಿಸಿ
ಅಡ್ಡ ಹಾಯಿಸಿದೆ ಬೆಳಕು,
ಹೊತ್ತು ಮುಣಗೂ ಮುಂದ ಬಿಸಿಲು
ಹೊಲದ ಹೆಂಟಿ ಹೆಂಟಿಗೂ ನೆರಳು ಕೊಡತೈತಲ್ಲ, ಹಂಗ.
ಮೊಣಕಾಲಿನ ಪಟಕ್ಕ ಉಸಿರು ಹಿಡಿ ಅಂತ ಹೇಳೂದಿಲ್ಲ.
ಹೇಳಿದೆ.

ತೆರಿ ಮ್ಯಾಲ ಮೊದಲ ಕಂಡದ್ದು ಎಲುಬಲ್ಲ, ಒಂದು ಗೆರಿ.
ಚಿಪ್ಪಿನ ಮಗ್ಗಲಕ, ಪಟ್ಟಿ ಹಿಡಿದು ಎಳದಂಗ:
ಕೆಳಗ ರಕ್ತ, ಮ್ಯಾಲ ಕೊಬ್ಬು,
ಆರಿದ ಸಾರಿನ ಮ್ಯಾಲ ಎಣ್ಣಿ ಬ್ಯಾರೆ ನಿಂತಂಗ.
ಕೊಬ್ಬು ಎಲ್ಲಿಂದ ಬಂತು?
ಮಜ್ಜಿಯಿಂದ.
ಎಲುಬು ಎಲ್ಲೋ ಬಾಯಿ ಬಿಟ್ಟೈತಿ.

ಆಮ್ಯಾಲ ಹುಡುಕಿದೆ.
ಕೆಳಗಿನ ಎಲುಬಿನ ನೆತ್ತಿ ಮ್ಯಾಲ, ನಟ್ಟನಡುವ,
ಜೋಳದ ನುಚ್ಚಿನಂಥಾ ಚೂರು,
ಮುಂದ ಎದ್ದು, ಹಿಂದ ಇನ್ನೂ ಅಂಟಿಕೊಂಡು,
ಗುಬ್ಬಿಮರಿ ಕೊಕ್ಕು ತೆರದಂಗ.

ಫೋನಿನಾಗ ಪಟ ನೋಡಿ ಇನಾಮದಾರ ಡಾಕ್ಟರು
ಸ್ವಲ್ಪ ಹೊತ್ತು ಮಾತಾಡಲಿಲ್ಲ.
ಹಗ್ಗ ಹರಿದಂಗ ಕಾಣೂದಿಲ್ಲ, ಅಂದರು. ಗೂಟ ಕಿತ್ತೈತಿ.
ನಾಳೆ ಸಿಟಿ ಮಾಡೂಣು, ಎಷ್ಟು ಎದ್ದೈತಿ ಅಳೀಬೇಕು.
ಎಂಆರ್‌ಐನೂ ಬೇಕು: ಹಗ್ಗದ ನಾರು ಜಗ್ಗ್ಯಾವೇನು,
ಚೂರಿನ ಬುಡಕ ಮೆತ್ತನ ಗಾದಿ ಸಿಕ್ಕೊಂಡೈತೇನು.
ಈ ವಯಸ್ಸೇ ಹಂಗ ನೋಡು,
ಹಗ್ಗಕ್ಕಿಂತ ನೆಲ ಮೆತ್ತಗ.

ಹಿನ್ನೀರು ಬಂದ ವರ್ಷ ನಮ್ಮವ್ವ
ಹಳೇ ಮನಿ ಹೊಸ್ತಿಲ ಕೀಳಿಸಿ ಚಕ್ಕಡಿಗೆ ಹೇರಿದ್ದಳು.
ಬುಡಕ ಒಂದು ಬೊಗಸಿ ಮಣ್ಣು ಬಂದಿತ್ತು.
ತೊಳೀಲಿಕ್ಕೆ ಬಿಡಲಿಲ್ಲ.

ಕೋಚ್ ಶನಿವಾರದ ಯಾದಿ ಮಡಚಿ ಕಿಸೆದಾಗ ಇಟ್ಟ.
ಚೂರು ಕಳದಿಲ್ಲಲ್ರೀ? ಅಂದಳು ಹುಡುಗಿ.
ಕಳದಿಲ್ಲವಾ. ಅಲ್ಲೇ ಐತಿ,
ತನ್ನ ಜಾಗಾದ ಮ್ಯಾಲ ಎದ್ದು ಕುಂತೈತಿ.

ಮತ್ತ ಗಾಲಿ?

ಡೊಂಕಾಗೈತಿ ಅಂದೆ.
ಅದಕ್ಕ ಪಟ ತೆಗೀಬೇಕಾಗಿದ್ದಿಲ್ಲ.
ಆವಾಗ ಅತ್ತಳು.